ಬೆಂಗಳೂರಿನಲ್ಲಿದ್ದುಕೊಂಡೇ ಗಂಡನನ್ನು ಅಮೆರಿಕಕ್ಕೆ ಸ್ಪಾನ್ಸರ್ ಮಾಡಿದ್ದು

ನಾನು ಹುಟ್ಟಿದ್ದು ಬೆಳೆದದ್ದು ಕರ್ನಾಟಕದಲ್ಲೇ. ಓದಲು ಅಮೆರಿಕಕ್ಕೆ ಹೋಗಿ, ಅಲ್ಲೇ ಕೆಲಸ ಹಿಡಿದು, ಕೊನೆಗೆ ಅಲ್ಲಿನ ಸಿಟಿಜನ್ ಆದೆ. ಅಮ್ಮನ ಆರೋಗ್ಯ ಕೆಟ್ಟಾಗ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಹಿಡಿದು ಬೆಂಗಳೂರಿಗೆ ವಾಪಸ್ ಬಂದೆ. ಮದುವೆಯೂ ಇಲ್ಲೇ ಆಯಿತು. ನಮ್ಮನೆಯವರದು ಭಾರತದ ಪಾಸ್‌ಪೋರ್ಟ್. ಅಮ್ಮ ಚೇತರಿಸಿಕೊಂಡ ಮೇಲೆ ಇಬ್ಬರೂ ಅಮೆರಿಕಕ್ಕೆ ಹೋಗೋಣ ಅಂತ ತೀರ್ಮಾನಿಸಿದೆವು. ಆಗ ಶುರುವಾಯಿತು ಕಾಗದದ ಕೆಲಸ.

ಸ್ಪಾನ್ಸರ್ ಮಾಡುವವರು ಅಮೆರಿಕದಲ್ಲೇ ಇದ್ದರೆ ಮುಖ್ಯವಾದ ಪ್ರಶ್ನೆ ಒಂದೇ: ಮದುವೆ ನಿಜವಾ? ನನ್ನ ಹಾಗೆ ಹೊರಗಿದ್ದರೆ ಇನ್ನೊಂದು ಸೇರಿಕೊಳ್ಳುತ್ತದೆ: ನೀವು ನಿಜವಾಗಿ ವಾಪಸ್ ಬರ್ತೀರಾ? ಎಲ್ಲರೂ ಮೊದಲನೆಯದಕ್ಕೆ ಆಲ್ಬಂ ಗಟ್ಟಲೆ ಫೋಟೋ ಜೋಡಿಸುತ್ತಾರೆ. ನಮಗೆ ಬೆವರಿಳಿಸಿದ್ದು ಎರಡನೆಯದು.

ಮೊದಲ ಹೆಜ್ಜೆ ಸುಲಭ. ಐ-130 ಅನ್ನುವ ಅರ್ಜಿಯನ್ನು ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ಹಾಕಬೇಕು. ಬೆಂಗಳೂರಿನ ವಿಳಾಸ ಕೊಟ್ಟೇ ಆನ್‌ಲೈನ್‌ನಲ್ಲಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಶುಲ್ಕ ಬದಲಾಗಿ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675 ಆಗಿತ್ತು. ಜೊತೆಗೆ ಗಂಡನ ವಿವರಗಳ ಐ-130ಎ ಬೇಕು. ಅವರು ಅಮೆರಿಕದ ಹೊರಗಿದ್ದರೆ ಅದಕ್ಕೆ ಸಹಿ ಹಾಕಬೇಕಿಲ್ಲ, ಆದರೆ ಫಾರಂ ಮಾತ್ರ ಕಳಿಸಲೇಬೇಕು.

"ಕಾನ್ಸುಲೇಟ್‌ಗೇ ಹೋಗಿ ನೇರವಾಗಿ ಕೊಡಬಹುದಂತಲ್ಲ, ಬೇಗ ಆಗುತ್ತಂತೆ" ಅಂತ ಹೇಳುವವರು ಈಗಲೂ ಇದ್ದಾರೆ. ಅದು ಹಳೇ ಮಾತು. ಯುಎಸ್‌ಸಿಐಎಸ್ ಹೊರದೇಶದ ತನ್ನ ಬಹುಪಾಲು ಕಚೇರಿಗಳನ್ನು 2019-20ರಲ್ಲಿ ಮುಚ್ಚಿತು. ಈಗ ಕಾನ್ಸುಲೇಟ್‌ಗಳು ಐ-130 ತೆಗೆದುಕೊಳ್ಳುವುದು ತೀರಾ ತುರ್ತು ಸಂದರ್ಭದಲ್ಲಿ ಮಾತ್ರ: ದೊಡ್ಡ ಕಾಯಿಲೆ, ಜೀವಬೆದರಿಕೆ, ಕಂಪನಿ ಇದ್ದಕ್ಕಿದ್ದ ಹಾಗೆ ಅಮೆರಿಕಕ್ಕೆ ವರ್ಗ ಮಾಡುವುದು, ಇಂಥವು. ಇನ್ನೊಬ್ಬ ನೆಂಟರು "ಟೂರಿಸ್ಟ್ ವೀಸಾದಲ್ಲಿ ಕರ್ಕೊಂಡು ಹೋಗಿ ಅಲ್ಲೇ ಮಾಡಿಸ್ಬಿಡು" ಅಂದರು. ಅಲ್ಲೇ ಉಳಿಯುವ ಉದ್ದೇಶ ಮನಸ್ಸಲ್ಲಿ ಇಟ್ಟುಕೊಂಡು ಪ್ರವಾಸಿ ಅಂತ ಹೇಳಿ ಒಳಗೆ ಹೋಗುವುದು ಸುಳ್ಳು ಹೇಳಿದಂತೆ. ಸಿಕ್ಕಿಬಿದ್ದರೆ ಮುಂದಿನ ಬಾಗಿಲೆಲ್ಲ ಮುಚ್ಚಿಕೊಳ್ಳಬಹುದು. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮದುವೆ ನಿಜ ಅಂತ ತೋರಿಸಲು ನಾವು ಕಳಿಸಿದ್ದು ಸಾಧಾರಣ ಕಾಗದಗಳು. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಪ್ರಮಾಣಪತ್ರ, ಇಬ್ಬರ ಹೆಸರಿನ ಬಾಡಿಗೆ ಕರಾರು, ಜಾಯಿಂಟ್ ಅಕೌಂಟಿನ ಸ್ಟೇಟ್‌ಮೆಂಟ್, ಪಿಎಫ್ ಮತ್ತು ಇನ್ಶೂರೆನ್ಸ್‌ನಲ್ಲಿ ನಾಮಿನಿ ಹೆಸರು, ಒಂದಷ್ಟು ಫೋಟೋ. ಲಗ್ನಪತ್ರಿಕೆಯೋ ದೇವಸ್ಥಾನದ ರಸೀದಿಯೋ ನೋಂದಣಿ ಪತ್ರದ ಜಾಗಕ್ಕೆ ಬರುವುದಿಲ್ಲ. ಇದರಲ್ಲಿ ನನಗೆ ಅನ್ನಿಸಿದ್ದು ಇಷ್ಟು: ನಾಮಿನಿ ಕಾಗದ ಒಂದು, ನೂರು ಫೋಟೋಗೆ ಸಮ. ಸಿಟಿಜನ್‌ನ ಗಂಡ ಅಥವಾ ಹೆಂಡತಿಗೆ ವರ್ಷಕ್ಕಿಷ್ಟೇ ಅನ್ನುವ ಕೋಟಾ ಇಲ್ಲ. ಹಾಗಾಗಿ ಕಾಯುವುದು ಫೈಲ್ ಮುಂದೆ ಸರಿಯಲಿ ಅಂತ ಮಾತ್ರ. ಅದಕ್ಕೇ ವರ್ಷ ಮೀರಬಹುದು, ಮೀರಿತು.

ಐ-130 ಪಾಸಾದ ಮೇಲೆ ಕೇಸ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಎಲ್ಲರೂ ಎನ್‌ವಿಸಿ ಅಂತಲೇ ಕರೆಯುವುದು. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಸ್ಪಾನ್ಸರ್ ಪತ್ರದ ಪರಿಶೀಲನೆಗೆ 120 ಡಾಲರ್ ಕಟ್ಟಿದೆವು. ವೀಸಾದ ಆನ್‌ಲೈನ್ ಅರ್ಜಿ ಡಿಎಸ್-260 ತುಂಬಿ ದಾಖಲೆಗಳನ್ನು ಅಪ್‌ಲೋಡ್ ಮಾಡಿದೆವು.

ನಮ್ಮವರ ದಾಖಲೆಗಳಲ್ಲಿ ಕಾಡುವುದು ಎರಡು. ಒಂದು ಜನನ ಪ್ರಮಾಣಪತ್ರ. ನಮ್ಮ ಹಳ್ಳಿಗಳ ಕಡೆ ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ನಾಮಕರಣಕ್ಕೆ ಮೊದಲೇ ಬರೆಸಿರುತ್ತಾರೆ ನೋಡಿ. ಇವರದೂ ಹಾಗೇ ಇತ್ತು. ಅಮೆರಿಕದವರಿಗೆ ಹೆಸರು, ಹುಟ್ಟಿದ ದಿನ, ಊರು, ಅಪ್ಪ ಅಮ್ಮನ ಹೆಸರು ಎಲ್ಲವೂ ಅದರಲ್ಲೇ ಬೇಕು. ಮಾವನವರು ನೋಂದಣಿ ಕಚೇರಿಗೆ ಅಲೆದು ಹೆಸರು ಸೇರಿಸಿದ ಹೊಸ ಪ್ರತಿ ತಂದರು. ಕನ್ನಡದಲ್ಲಿದ್ದದ್ದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ, ಅನುವಾದಕರ ದೃಢೀಕರಣ ಸೇರಿಸಿದೆವು.

ಇನ್ನೊಂದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಬಿಡಿಸಿಕೊಂಡು ಪೂರ್ತಿ ಪದಗಳಾಗಿವೆ. ಡಿಎಸ್-260ರಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರಶಃ ಹಾಕಿ, ಬೇರೆ ಹೆಸರುಗಳಿವೆಯಾ ಅನ್ನುವ ಜಾಗದಲ್ಲಿ ಉಳಿದ ರೂಪಗಳನ್ನೆಲ್ಲ ಬರೆದೆವು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟವರು ಇನ್ನೂ ಹುಷಾರಾಗಿರಬೇಕು. ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಅಚ್ಚಾಗಿ ಬರುತ್ತದೆ. ಆಮೇಲೆ ಅಲ್ಲಿ ಲೈಸೆನ್ಸ್, ಬ್ಯಾಂಕ್ ಎಲ್ಲೆಡೆ ಅದೇ ಅಂಟಿಕೊಳ್ಳುತ್ತದೆ. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ತಿದ್ದಿಸಿಕೊಳ್ಳುವುದು ವಾಸಿ.

ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸುಲಭವಾಗಿ ಸಿಕ್ಕಿತು. 16 ವರ್ಷ ದಾಟಿದ ಮೇಲೆ ಬೇರೆ ಯಾವುದೇ ದೇಶದಲ್ಲಿ 12 ತಿಂಗಳೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಅಲ್ಲಿನದೂ ಬೇಕು. ಇವರು ದುಬೈನಲ್ಲಿ ಕೆಲಸ ಮಾಡಿದ್ದರಿಂದ ಅದನ್ನೂ ತರಿಸಿದೆವು.

ಈಗ ಅಸಲು ವಿಷಯ, ಐ-864. ಗಂಡನನ್ನು ನಾನು ಸಾಕುತ್ತೇನೆ, ಸರ್ಕಾರದ ಮೇಲೆ ಹೊರೆ ಹಾಕುವುದಿಲ್ಲ ಅನ್ನುವ ಮುಚ್ಚಳಿಕೆ ಪತ್ರ ಇದು. ಆದಾಯ ಅಮೆರಿಕದ ಬಡತನ ರೇಖೆಯ 125% ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಕುಟುಂಬಕ್ಕೆ ವರ್ಷಕ್ಕೆ 26,437 ಡಾಲರ್. ನನ್ನ ಬೆಂಗಳೂರಿನ ಸಂಬಳ ಅದನ್ನು ಮೀರುತ್ತಿತ್ತು. ಆದರೆ ಲೆಕ್ಕಕ್ಕೆ ಬರುವುದು ಅಮೆರಿಕಕ್ಕೆ ಹೋದ ಮೇಲೂ ಅದೇ ಕಡೆಯಿಂದ ಮುಂದುವರಿಯುವ ಆದಾಯ. ನಾನು ಕೆಲಸ ಬಿಟ್ಟು ಹೋಗುವವಳು. ಅಂದರೆ ಅಲ್ಲಿ ನನ್ನ ಆದಾಯ ಸೊನ್ನೆ.

ದಾರಿ ಮೂರಿದ್ದವು. ಇರುವ ಕಂಪನಿಯಲ್ಲೇ ಅಮೆರಿಕಕ್ಕೆ ವರ್ಗ ಕೇಳುವುದು. ಇಲ್ಲವೇ ಆಸ್ತಿ ತೋರಿಸುವುದು: ಸಿಟಿಜನ್‌ನ ಸಂಗಾತಿಯ ಕೇಸಿನಲ್ಲಿ ಕೊರತೆ ಎಷ್ಟೋ ಅದರ ಮೂರರಷ್ಟು, ಒಂದು ವರ್ಷದೊಳಗೆ ಹಣವಾಗಿ ಮಾಡಿಕೊಳ್ಳುವಂಥದ್ದು. ಇಲ್ಲವೇ ಜಾಯಿಂಟ್ ಸ್ಪಾನ್ಸರ್, ಅಂದರೆ ನನ್ನ ಜೊತೆ ಹೊಣೆ ಹೊರುವ ಇನ್ನೊಬ್ಬರು. ನನಗೆ ಟೆಕ್ಸಾಸ್‌ನಲ್ಲಿ ಅಣ್ಣ ಇದ್ದಾನೆ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ಜೊತೆಗೆ ನಮ್ಮನೆಯವರು ಸೇರಿ ಐದು ಜನರ ಲೆಕ್ಕ. ಅದಕ್ಕೆ 2025ರಲ್ಲಿ 47,062 ಡಾಲರ್ ಆದಾಯ ಸಾಕಿತ್ತು.

ಅಣ್ಣ ಕೇಳಿದ ಕೂಡಲೇ ಹೂಂ ಅಂದ. ಅತ್ತಿಗೆ ಮಾತ್ರ ಫಾರಂನ ಸೂಚನೆಗಳನ್ನು ಪೂರ್ತಿ ಓದಿ ವಿಡಿಯೋ ಕಾಲ್ ಮಾಡಿದರು. "ಅಲ್ಲಮ್ಮಾ, ತಪ್ಪು ತಿಳ್ಕೋಬೇಡ. ನಾಳೆ ನೀವಿಬ್ಬರೂ ಬೇರೆ ಆದ್ರೂ ಇದು ನಮ್ಮ ತಲೆ ಮೇಲೇ ಇರುತ್ತಾ?"

"ಇರುತ್ತೆ ಅತ್ತಿಗೆ," ಅಂದೆ. ಇದ್ದದ್ದೇ ಹಾಗೆ. ಡಿವೋರ್ಸ್ ಆದರೂ ಈ ಹೊಣೆ ಹೋಗುವುದಿಲ್ಲ. ನಮ್ಮನೆಯವರು ಸಿಟಿಜನ್ ಆಗಬೇಕು, ಇಲ್ಲವೇ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷದ ಕೆಲಸ ಅವರ ಲೆಕ್ಕಕ್ಕೆ ಸೇರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋಗಬೇಕು, ಇಲ್ಲವೇ ಜೀವವೇ ಹೋಗಬೇಕು. ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಗೊತ್ತಿದ್ದು ಸಹಿ ಹಾಕೋದು ಬೇರೆ, ಗೊತ್ತಿಲ್ದೆ ಹಾಕೋದು ಬೇರೆ. ಕಳ್ಸು," ಅಂದರು. ಒಡಹುಟ್ಟಿದವರು ಅಂತ ಸುಮ್ನೆ ಸಹಿ ಹಾಕಿಸಿಕೊಳ್ಳುವವರು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಅಣ್ಣ ಸಹಿ ಹಾಕಿದ ಅಂತ ನನ್ನ ಕೆಲಸ ಮುಗಿಯಲಿಲ್ಲ. ಆದಾಯ ಸೊನ್ನೆ ಇದ್ದರೂ ನನ್ನ ಐ-864 ಬೇರೆ ಕೊಡಲೇಬೇಕು. ಅದರಲ್ಲಿ ನನ್ನ ವಾಸಸ್ಥಳ ಅಮೆರಿಕ ಅಂತ ತೋರಿಸಬೇಕು. ಡೊಮಿಸೈಲ್ ಅನ್ನುವುದು ಇದನ್ನೇ. ಹಣದ ಕೊರತೆ ತುಂಬಲು ಬೇರೆಯವರು ಬರಬಹುದು, ಇದನ್ನು ತುಂಬಲು ಯಾರೂ ಬರುವಂತಿಲ್ಲ. ಸದ್ಯ ಹೊರಗಿದ್ದರೂ ಪರವಾಗಿಲ್ಲ. ಗಂಡ ಅಮೆರಿಕದೊಳಗೆ ಕಾಲಿಡುವ ದಿನಕ್ಕೋ ಅದಕ್ಕೆ ಮೊದಲೋ ಅಲ್ಲಿ ವಾಸ ಹೂಡುತ್ತೇನೆ ಅಂತ ನಂಬುವಂತೆ ತೋರಿಸಿದರೆ ಸಾಕು. "ಅವರು ಮೊದಲು ಹೋಗಿ ಸೆಟ್ಲ್ ಆಗಲಿ, ನಾನು ಆಮೇಲೆ ಬರ್ತೀನಿ" ಅನ್ನುವ ಯೋಜನೆ ಮಾತ್ರ ನಡೆಯುವುದಿಲ್ಲ. ನಮ್ಮಲ್ಲಿ ತುಂಬ ಮನೆಗಳಲ್ಲಿ ಯೋಚನೆ ಮಾಡುವುದೇ ಹೀಗೆ, ಅಲ್ವಾ?

ನನ್ನ ಹತ್ತಿರ ಇದ್ದದ್ದು: ಮುಚ್ಚದೆ ಉಳಿಸಿಕೊಂಡ ಅಮೆರಿಕದ ಬ್ಯಾಂಕ್ ಅಕೌಂಟ್, ಅಲ್ಲಿನ ಡ್ರೈವಿಂಗ್ ಲೈಸೆನ್ಸ್, ಅಲ್ಲಿನ ಚುನಾವಣೆಗೆ ಬೆಂಗಳೂರಿನಿಂದಲೇ ಮತ ಹಾಕಲು ಪೋಸ್ಟ್‌ಕಾರ್ಡ್ ಅರ್ಜಿ ಕಳಿಸಿದ್ದ ದಾಖಲೆ. ಇವು ಹಳೆಯ ನಂಟು ತೋರಿಸುತ್ತವೆ. ಮುಂದೆ ಬರುತ್ತೇನೆ ಅನ್ನುವುದಕ್ಕೆ ಹೊಸದಾಗಿ ಸೇರಿಸಿದ್ದು ಅಲ್ಲಿನ ಕಂಪನಿಗಳಿಗೆ ಕೆಲಸಕ್ಕೆ ಅರ್ಜಿ ಹಾಕಿದ ಮೇಲ್‌ಗಳು, ಇಂಟರ್‌ವ್ಯೂ ಕರೆಗಳು, ಮೊದಲು ತನ್ನ ಮನೆಯಲ್ಲೇ ಇರುತ್ತಾರೆ ಅಂತ ಅಣ್ಣ ಬರೆದ ಪತ್ರ, ಮನೆ ಸಾಮಾನು ಸಾಗಿಸಲು ತರಿಸಿದ ಕೊಟೇಶನ್. ಎಲ್ಲದರ ಮೇಲೆ ಒಂದು ಪುಟದ ಪತ್ರ: ಯಾಕೆ ಬಂದೆ, ಯಾಕೆ ವಾಪಸ್ ಹೋಗುತ್ತಿದ್ದೇನೆ, ಎಲ್ಲಿರುತ್ತೇವೆ. ಅಲಂಕಾರ ಇಲ್ಲದೆ ಬರೆದೆ. ಟಿಕೆಟ್ ಮಾತ್ರ ಕೊಳ್ಳಲಿಲ್ಲ. ವೀಸಾ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡಿ ಅಂತ ಅವರೇ ಹೇಳುತ್ತಾರೆ.

ಟ್ಯಾಕ್ಸ್ ರಿಟರ್ನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಹೊರಗಿರುವ ಸಿಟಿಜನ್‌ಗಳು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಅಮೆರಿಕದ ಸಿಟಿಜನ್ ಎಲ್ಲೇ ದುಡಿದರೂ ಅಲ್ಲಿಗೆ ಲೆಕ್ಕ ಒಪ್ಪಿಸಬೇಕು. ಹೊರದೇಶದ ದುಡಿಮೆಗೆ ವಿನಾಯಿತಿ ಇದೆ, 2024ರ ವರ್ಷಕ್ಕೆ 1,26,500 ಡಾಲರ್‌ವರೆಗೆ. ಆದರೆ ಆ ವಿನಾಯಿತಿ ಸಿಗುವುದು ಫಾರಂ 2555 ಸೇರಿಸಿ ರಿಟರ್ನ್ ಹಾಕಿದವರಿಗೆ. ಕಟ್ಟಬೇಕಾದ ತೆರಿಗೆ ಇಲ್ಲ ಅಂತ ರಿಟರ್ನನ್ನೇ ಬಿಡುವಂತಿಲ್ಲ. ಮದುವೆಯಾಗಿ ಬೇರೆ ಬೇರೆ ಫೈಲ್ ಮಾಡುವವರಿಗಂತೂ ಆದಾಯ 5 ಡಾಲರ್ ಇದ್ದರೂ ರಿಟರ್ನ್ ಹಾಕಬೇಕು. ಹೌದು, ಐದೇ ಡಾಲರ್. ಗಂಡನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಆ ಜಾಗದಲ್ಲಿ 'ಎನ್‌ಆರ್‌ಎ' (ಅಲ್ಲಿ ವಾಸವಿಲ್ಲದ ವಿದೇಶಿ) ಅಂತ ಬರೆದರೆ ಆಯಿತು. ನಾನು ಪ್ರತಿ ವರ್ಷ ಹಾಕುತ್ತಾ ಬಂದಿದ್ದರಿಂದ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ ರಿಟರ್ನಿನ ಸಾರಾಂಶ, ಟ್ರಾನ್ಸ್‌ಕ್ರಿಪ್ಟ್, ಇಳಿಸಿ ಲಗತ್ತಿಸಿದೆ. ವಿನಾಯಿತಿ ಕಳೆದು ಅದರಲ್ಲಿ ಒಟ್ಟು ಆದಾಯ ಸೊನ್ನೆ ಅಂತ ಕಾಣುತ್ತದೆ. ಅದು ಯಾಕೆ ಹಾಗೆ ಅಂತ ಎರಡು ಸಾಲು ವಿವರಣೆ ಸೇರಿಸಿದೆ.

ದಾಖಲೆಗಳೆಲ್ಲ ಸರಿ ಇದ್ದರೆ ಎನ್‌ವಿಸಿ 'ಡಾಕ್ಯುಮೆಂಟರಿಲಿ ಕ್ವಾಲಿಫೈಡ್' ಅಂತ ಮೇಲ್ ಕಳಿಸಿ ಸಂದರ್ಶನದ ಸಾಲಿಗೆ ಸೇರಿಸುತ್ತದೆ. ಇಲ್ಲೊಂದು ಜಾಣತನ ಬೇಕು. ವೀಸಾ ಸಾಮಾನ್ಯವಾಗಿ ಆರು ತಿಂಗಳಿಗಷ್ಟೇ ಸಿಗುತ್ತದೆ, ಮೆಡಿಕಲ್ ಪರೀಕ್ಷೆಯ ಅವಧಿಗೆ ಅದು ಕಟ್ಟುಬಿದ್ದಿರುತ್ತದೆ. ಅಷ್ಟರೊಳಗೆ ಹೊರಡಲು ಆಗುವುದಿಲ್ಲ ಅನ್ನುವವರು ಎನ್‌ವಿಸಿ ಹಂತದಲ್ಲೇ ನಿಧಾನ ಮಾಡಬೇಕು. ವರ್ಷದೊಳಗೆ ಒಮ್ಮೆಯಾದರೂ ಅವರನ್ನು ಸಂಪರ್ಕಿಸುತ್ತಿದ್ದರೆ ಕೇಸ್ ಜೀವಂತ ಇರುತ್ತದೆ. ಸುಮ್ಮನೆ ಬಿಟ್ಟರೆ ರದ್ದಾಗಬಹುದು. ಅಮ್ಮನ ಚಿಕಿತ್ಸೆ ಒಂದು ಹಂತಕ್ಕೆ ಬರುವ ತನಕ ನಾವೂ ಹೀಗೇ ಎಳೆದೆವು.

ಆ ನಿಧಾನದಿಂದ ಇನ್ನೊಂದು ಲಾಭವೂ ಆಯಿತು. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1 ವೀಸಾ, ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತು ತೆಗೆಸುವ ಅರ್ಜಿ ಐ-751 ಹಾಕಿ, ಮದುವೆ ನಿಜ ಅಂತ ಮತ್ತೆ ತೋರಿಸಬೇಕು. ಎರಡು ವರ್ಷ ತುಂಬಿದ್ದರೆ ಐಆರ್-1, ನೇರವಾಗಿ 10 ವರ್ಷದ ಕಾರ್ಡ್. ನಮ್ಮದು ಐಆರ್-1 ಆಯಿತು.

ಸಂದರ್ಶನ ಮುಂಬೈನಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟ್‌ನಲ್ಲಿ. ಮೆಡಿಕಲ್ ಅವರು ಹೇಳಿದ ಡಾಕ್ಟರ ಹತ್ತಿರವೇ ಆಗಬೇಕು. ಎಕ್ಸ್‌ರೇ, ರಕ್ತ ಪರೀಕ್ಷೆ, ಲಸಿಕೆಗಳು. ಬಾಲ್ಯದ ಲಸಿಕೆ ಕಾರ್ಡ್ ಯಾರ ಹತ್ತಿರ ಇರುತ್ತದೆ ಹೇಳಿ, ಇವರಿಗೆ ಕೆಲವನ್ನು ಮತ್ತೆ ಚುಚ್ಚಿದರು.

ಸ್ಪಾನ್ಸರ್ ಸಂದರ್ಶನಕ್ಕೆ ಹೋಗಲೇಬೇಕು ಅಂತಿಲ್ಲ. ನಾನು ಹೊರಗೆ ಕಾಫಿ ಅಂಗಡಿಯಲ್ಲಿ ಕೂತಿದ್ದೆ. ಇವರು ಬಂದು ಹೇಳಿದ್ದು: ಮದುವೆ ಬಗ್ಗೆ ಒಂದೆರಡು ಪ್ರಶ್ನೆ ಮುಗಿಸಿ ಅಧಿಕಾರಿ ನೇರವಾಗಿ, "ನಿಮ್ಮ ಹೆಂಡತಿ ಈಗ ಎಲ್ಲಿದ್ದಾರೆ? ಯಾವಾಗ ಹೋಗ್ತಾರೆ? ಅಲ್ಲಿ ಕೆಲಸಕ್ಕೆ ಏನು ಮಾಡ್ತಿದ್ದಾರೆ?" ಅಂತ ಕೇಳಿದರಂತೆ. ಇವರು ಇಂಟರ್‌ವ್ಯೂ ಮೇಲ್‌ಗಳನ್ನೂ ಅಣ್ಣನ ಪತ್ರವನ್ನೂ ತೆಗೆದುಕೊಟ್ಟರು. ಫೋಟೋ ಆಲ್ಬಂ ಚೀಲದಿಂದ ಹೊರಗೇ ಬರಲಿಲ್ಲ. ಅದಕ್ಕೇ ಹಿಂದಿನ ರಾತ್ರಿ ಇವರನ್ನು ಪೀಡಿಸಿದ್ದೆ: ನನ್ನ ಕಾಗದಗಳು ಫೈಲಿನಲ್ಲಿದ್ದರೆ ಸಾಲದು, ಒಳಗೆ ಹೋಗುವ ನಿಮಗೂ ಬಾಯಿಪಾಠ ಆಗಿರಬೇಕು ಅಂತ.

ವೀಸಾ ಬಂದ ಮೇಲೆ 235 ಡಾಲರ್ ಇಮಿಗ್ರೆಂಟ್ ಫೀ ಕಟ್ಟಿದೆವು. ಅದು ಕಟ್ಟದಿದ್ದರೆ ಕಾರ್ಡ್ ಅಚ್ಚಾಗುವುದಿಲ್ಲ. ಒಂದೇ ವಿಮಾನದಲ್ಲಿ ಹೋದೆವು. ವಲಸೆ ಕೌಂಟರಿನಲ್ಲಿ ಮುದ್ರೆ ಬಿದ್ದ ಆ ವೀಸಾ ಪುಟವೇ ಒಂದು ವರ್ಷ ಗ್ರೀನ್ ಕಾರ್ಡಿನ ಹಾಗೆ ನಡೆಯುತ್ತದೆ, ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ.

ಹೊರಡುವ ಮೊದಲು ಬ್ಯಾಂಕಿಗೆ ಹೋಗಿ ಹೋಗುವವರ ಸೇವಿಂಗ್ಸ್ ಅಕೌಂಟನ್ನು ಎನ್‌ಆರ್‌ಒ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಮಾಡಲು ಏನೇನು ಬೇಕು ಅಂತ ಕೇಳಿ ಫಾರಂ ಇಟ್ಟುಕೊಳ್ಳಿ. ಅಲ್ಲಿಂದ ಸಹಿ ಕಳಿಸಿ ಮಾಡಿಸುವುದು ತಲೆನೋವು. ಅಮೆರಿಕದ ಹೊರಗಿನ ಅಕೌಂಟುಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಕೊಡಬೇಕು. ಇಷ್ಟು ದಿನ ಆ ತಾಪತ್ರಯ ನನ್ನೊಬ್ಬಳಿಗಿತ್ತು, ಈಗ ಇವರಿಗೂ ಬಂತು.