ದೆವ್ವಕ್ಕಿಂತ ಮೊದಲು ಮೂರು ಕಾಲಂ

ಮೊದಲ ಅಧ್ಯಾಯದಲ್ಲಿ ಹೆಣ ಬೀಳಬೇಕು, ಮೂರನೆಯದರಲ್ಲಿ ದೆವ್ವ ಕಾಣಬೇಕು, ಇಲ್ಲದಿದ್ದರೆ ಓದುಗ ಪುಸ್ತಕ ಮಡಚಿಡುತ್ತಾನೆ ಎಂದು ಬರೆಯುವ ಗೆಳೆಯರೆಲ್ಲ ಹೇಳಿದ್ದರು. ನನ್ನ ಪತ್ತೇದಾರಿ ದೆವ್ವದ ಕಾದಂಬರಿಯಲ್ಲಿ ದೆವ್ವದ ಸುಳಿವು ಸಿಗುವುದೇ ಹೆಚ್ಚುಕಡಿಮೆ 60ನೇ ಪುಟದಲ್ಲಿ. ಮೊದಲ ಮುದ್ರಣ ಖಾಲಿಯಾಗಿದೆ. ಅದನ್ನು ಬರೆದ ವಿಧಾನ ಇಲ್ಲಿದೆ.

ಕಥೆಯ ಜಾಗ ಶರಾವತಿ ಹಿನ್ನೀರಿನಾಚೆಯ ಒಂಟಿ ಮನೆ. ಪಾತ್ರಗಳು ಆರು. ಹಂದರ ಹಾಕುವ ಮೊದಲೇ ಒಬ್ಬೊಬ್ಬರಿಗೂ ಒಂದು ಉದ್ದ ಹಾಳೆ ತೆಗೆದು ಮೂರು ಕಾಲಂ ಎಳೆದೆ: ಕಂಡದ್ದು, ನಂಬಿದ್ದು, ಹೇಳಿದ್ದು. ಕೊಲೆ ನಡೆದ ರಾತ್ರಿಯನ್ನು ಸಂಜೆ ಆರರಿಂದ ಬೆಳಗಿನ ಐದರವರೆಗೆ ಅರ್ಧ ಗಂಟೆಗೊಂದು ಸಾಲಿನಂತೆ ತುಂಬಬೇಕು. ಮೊದಲ ಮತ್ತು ಮೂರನೇ ಕಾಲಂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಪತ್ತೇದಾರಿ ಹುಟ್ಟುತ್ತದೆ. ಭಯವೆಲ್ಲ ನಡುವಿನದರಲ್ಲಿ. ಅತ್ತೆ ಕಂಡದ್ದು ದಡದಲ್ಲಿ ಅಲುಗುವ ಬೆಳಕು. ನಂಬಿದ್ದು, ಅಣೆಕಟ್ಟೆಯ ನೀರಿಗೆ ಊರು ಮುಳುಗಿದ ವರ್ಷ ಹೂತು ಬಂದ ಕೂಸು ಮನೆ ಹುಡುಕುತ್ತಿದೆ ಎಂದು. ಹೇಳಿದ್ದು, ‘ನನಗೆ ನಿದ್ದೆ ಹತ್ತಿತ್ತು’ ಎಂದು. ಅವಳ ಸುಳ್ಳಿಗೆ ಅವಳದೇ ಸಂಕಟ ಕಾರಣ, ಕೊಲೆಗಾರನ ಗೊಡವೆಯೇ ಅವಳಿಗಿಲ್ಲ. ಆದರೂ ಆ ಸುಳ್ಳಿನಿಂದ ಅವನು ಪಾರಾಗುತ್ತಾನೆ.

ಕೆಡುವುದು ಎರಡು ಕಡೆ. ಆರೂ ಜನರಿಗೆ ಒಂದೇ ಬಿಳಿ ಸೀರೆ ಕಂಡರೆ ಅದು ಊರ ದೆವ್ವವಾಗುತ್ತದೆ, ಪಾತ್ರದ್ದಾಗುವುದಿಲ್ಲ. ಒಂದು ಇಡೀ ಕರಡು, ಅಂದಾಜು ನಲವತ್ತು ಸಾವಿರ ಪದ, ಹೀಗೇ ರದ್ದಿಗೆ ಹೋಯಿತು. ಇನ್ನೊಂದು, ಎಲ್ಲರೂ ಸುಳ್ಳು ಹೇಳಿದರೆ ಓದುಗ ಊಹಿಸುವುದನ್ನೇ ಬಿಡುತ್ತಾನೆ. ಇಬ್ಬರಾದರೂ ನಿಜ ಹೇಳಬೇಕು, ಅವರಲ್ಲೊಬ್ಬ ತಪ್ಪಾಗಿ ನೋಡಿರಬೇಕು.

ಜಾಗಕ್ಕೂ ಲೆಕ್ಕ ಬೇಕು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯ ಗರಿಷ್ಠ ನೀರಿನ ಮಟ್ಟ 1819 ಅಡಿ. 1964ರಲ್ಲಿ ಅದು ಎದ್ದಮೇಲೆ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ನೀರಿನಡಿ ಸೇರಿತು. ಬೇಸಿಗೆಯಲ್ಲಿ ನೀರು ತೀರ ಇಳಿದರೆ ಮತ್ತೆ ತಲೆ ಎತ್ತುತ್ತದೆ. ನನ್ನ ಮುಖ್ಯ ಸಾಕ್ಷ್ಯ ಮುಳುಗಿದ ಅಂಗಳದ ಬಾವಿಯಲ್ಲಿದೆ. ಹಾಗಾಗಿ ಅದು ಸಿಗುವುದು ಮೇ ಕೊನೆಗೇ, ಮಳೆ ಹಿಡಿದರೆ ಇನ್ನೊಂದು ವರ್ಷ ಇಲ್ಲ. ಈ ಗಡುವು ಯಾವ ಪೊಲೀಸ್ ಪಾತ್ರವೂ ಕೊಡದ ಬಿಗಿ ಕೊಟ್ಟಿತು. ಕಾಲ ಮಾತ್ರ 2025ಕ್ಕಿಂತ ಹಿಂದಿನದಾಗಬೇಕಿತ್ತು; ಹಿನ್ನೀರಿಗೆ ಅಡ್ಡಲಾಗಿ ಸಿಗಂದೂರು ಸೇತುವೆ ತೆರೆದ ಮೇಲೆ, ಜನರನ್ನು ದಾಟಿಸುತ್ತಿದ್ದ ದೋಣಿಯ ಬಗೆಗಿನ ‘ಕೊನೆಯ ಲಾಂಚ್ ಹೋಯಿತು’ ಎಂಬ ಸಾಲಿಗೆ ಬಲವಿಲ್ಲ. ಚೌಡಿ, ಭೂತಪ್ಪರನ್ನು ಹೆದರಿಸಲು ಬಳಸಲಿಲ್ಲ. ಜನ ಕಾಯಿ ಒಡೆದು ಕೈಮುಗಿಯುವ ದೈವವನ್ನು ದೆವ್ವ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ವಾಕ್ಯಗಳ ಮಟ್ಟದಲ್ಲಿ: ‘ಇದ್ದಕ್ಕಿದ್ದಂತೆ’, ‘ಯಾರೋ’, ‘ಏನೋ’, ಮೂರು ಚುಕ್ಕಿ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಬೆವರು, ನಡುಕ, ಎದೆಬಡಿತವೂ ಹೋದವು. ಭಯದ ಅಧ್ಯಾಯದಲ್ಲಿ ಪಾತ್ರದ ಕೈಗೆ ಒಂದು ಕೆಲಸ ಕೊಡಿ, ಅಡಿಕೆ ಸುಲಿಯುವುದಾದರೂ ಸರಿ. ಆ ಕೈ ನಿಂತರೆ ಸಾಕು. ಸುಳ್ಳಾಡುವಾಗ ಒಬ್ಬ ಮನೆಮಾತು ಬಿಟ್ಟು ಪುಸ್ತಕದ ಕನ್ನಡಕ್ಕೆ ಜಾರುತ್ತಾನೆ, ಇದೂ ಸುಳಿವೇ. ಲಾಂಚಿನ ತಲೆ ಎಣಿಕೆಯಲ್ಲಿ ಒಬ್ಬನನ್ನು ಓದುಗನ ಕಣ್ಣೆದುರೇ ಹೇಗೆ ಮರೆಸಿದೆ ಎಂಬುದನ್ನು ಬಿಚ್ಚುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು. ಕರಡು ಓದಿದ ಏಳೆಂಟು ಜನರಲ್ಲಿ ಕೊಲೆಗಾರನನ್ನು ಹಿಡಿದವರು ಒಬ್ಬರೇ.

ನಡುವೆ ಇನ್ನೊಂದು ಪ್ರಯೋಗ: ಮುಳುಗಡೆ ಪರಿಹಾರದ ಅರ್ಜಿಗಳ ಧಾಟಿಯಲ್ಲೇ ಕೆಲವು ಅಧ್ಯಾಯ. ಎರಡು ಉಳಿಸಿಕೊಂಡೆ, ಸರ್ವೆ ನಂಬರು, ಗುಂಟೆಗಳ ಒಣ ಭಾಷೆಯ ನಡುವೆ ಸತ್ತವರ ಹೆಸರು ಬಂದರೆ ಮೈ ಜುಮ್ಮೆನ್ನುತ್ತದೆ. ಮೂರನೆಯದಕ್ಕೆ ಓದುಗರು ಹಾರಿಸತೊಡಗಿದರು.

ಹಣದ ವಿಚಾರ. 1/8 ಡೆಮಿ ಅಳತೆಯ ಪುಸ್ತಕ, 70 ಜಿಎಸ್‌ಎಂ ದಪ್ಪದ ಕಾಗದ, 230 ಚಿಲ್ಲರೆ ಪುಟ, 500 ಪ್ರತಿ. ಡಿಟಿಪಿ (ಅಕ್ಷರ ಜೋಡಣೆ), ಮುಖಪುಟ ಸೇರಿ ಖರ್ಚು ಅರವತ್ತು ಸಾವಿರದ ಹತ್ತಿರ. ಬೆಲೆ 280. ಅಂಗಡಿಗೆ ಕೊಟ್ಟರೆ ಶೇ. 40 ಅವರದು, ಹಣ ತಿಂಗಳುಗಟ್ಟಲೆ ತಡ. ವಾಟ್ಸಾಪಿನಲ್ಲಿ ನೇರ ಮಾರಿದ್ದರಿಂದ 300 ಪ್ರತಿ ಮುಗಿಯುವ ಮೊದಲೇ ಅಸಲು ಬಂತು. ಯೂನಿಕೋಡಿನಿಂದ ಅಚ್ಚಿನವರು ಬಳಸುವ ನುಡಿ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಚೆದುರುತ್ತದೆ, ಅಚ್ಚಿಗೆ ಕೊಡುವ ಮೊದಲು ಒಂದು ಪೂರ್ತಿ ಓದು ಅದಕ್ಕೇ ಮೀಸಲಿಡಿ.