ಸೊಳ್ಳೆ ಬತ್ತಿ ಐಕಾನು, 30 ಅಕ್ಷರದ ಹೆಸರು: ನಮ್ಮ ರೇಷ್ಮೆ ಆಪ್ ಪ್ಲೇ ಸ್ಟೋರಲ್ಲಿ ಸಿಗುವ ಹಾಗೆ ಮಾಡಿದ ಕಥೆ

"ಇಂಗ್ಲಿಷ್ ಲಿಸ್ಟಿಂಗ್ ಒಳಗೆ ಕನ್ನಡ ತುರುಕಬೇಡ ಮಾರಾಯ, ಆಪನ್ನೇ ಕಿತ್ತು ಹಾಕ್ತಾರೆ" ಅಂತ ಬೆಂಗಳೂರಿನ ಗೆಳೆಯ ಹೇಳಿ ಎರಡು ವರ್ಷ ಆಗಿರಬೇಕು. ಅವನು ದೊಡ್ಡ ಕಂಪನಿಯೊಂದರಲ್ಲಿ ಲಿಸ್ಟಿಂಗ್ ಕೆಲಸವನ್ನೇ ಮಾಡುವವನು. ಲಿಸ್ಟಿಂಗ್ ಅಂದರೆ ಸ್ಟೋರಲ್ಲಿ ಆಪಿನ ಹೆಸರು, ಚಿತ್ರ, ವಿವರಣೆ ಇರುವ ಪುಟ. ನಮ್ಮ ಭಾವ ಇನ್ನೂ ಒಂದು ಕೈ ಮೇಲೆ. "ರೇಷ್ಮೆ ಹುಳ ಸಾಕೋರು ಪ್ಲೇ ಸ್ಟೋರಲ್ಲಿ ಹುಡುಕ್ತಾರೇನಪ್ಪ? ಸುಮ್ನೆ ಗೂಡಿನ ಮಾರ್ಕೆಟ್ ಗೇಟಲ್ಲಿ ನಿಂತು ಪಾಂಪ್ಲೆಟ್ ಹಂಚು" ಅಂದಿದ್ದರು. ಆಪ್ ಇನ್ನೂ ಇದೆ. ಜನ ಹುಡುಕುತ್ತಿದ್ದಾರೆ. ಆಗ ದಿನಕ್ಕೆ ನಾಲ್ಕೋ ಐದೋ ಇನ್‌ಸ್ಟಾಲ್ ಬರುತ್ತಿತ್ತು, ಈಗ ಒಳ್ಳೆ ದಿನ 60, 70 ದಾಟುತ್ತದೆ. ಈಗ ಜಾಹೀರಾತಿಗೆ ಒಂದು ರೂಪಾಯಿ ಹಾಕುತ್ತಿಲ್ಲ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಊರು ಶಿಡ್ಲಘಟ್ಟ. ಮನೆಯಲ್ಲಿ ಅಮ್ಮ ಇವತ್ತಿಗೂ ಹುಳ ಮೇಯಿಸುತ್ತಾರೆ. ಮೊಟ್ಟೆ ತಂದ ದಿನದಿಂದ ಗೂಡು ಮಾರುವ ದಿನದವರೆಗಿನ ಲೆಕ್ಕ ಇಡುವ ಆಪ್ ನಮ್ಮದು. ಎಷ್ಟನೇ ಜ್ವರ (ಹುಳ ಪೊರೆ ಬಿಡುವ ಹಂತ), ಸೊಪ್ಪಿಗೆ ಎಷ್ಟು ಹೋಯ್ತು, ಕೂಲಿ ಎಷ್ಟು, ಲಾಟು (ಮಾರಲು ಹಾಕಿದ ಗೂಡಿನ ರಾಶಿ) ಎಷ್ಟು ತೂಗಿತು, ಎಷ್ಟಕ್ಕೆ ಹೋಯ್ತು, ಇಷ್ಟೇ. ಹೆಸರು ಇಲ್ಲಿ ಹೇಳಲ್ಲ, ಪ್ರಚಾರ ಅನ್ನುತ್ತೀರಿ.

ಮೊದಲು ಹೋದ ದುಡ್ಡಿನ ವಿಷಯ. ಲಿಸ್ಟಿಂಗ್ ಸರಿ ಮಾಡಿಕೊಡುತ್ತೇವೆ ಅಂದ ಒಂದು ಏಜೆನ್ಸಿಗೆ 35 ಸಾವಿರ ಕೊಟ್ಟೆ. ಅಷ್ಟರಲ್ಲಿ ಅಮ್ಮನ ಎರಡು ಬೆಳೆಯ ಸೊಪ್ಪಿನ ಖರ್ಚು ತೀರುತ್ತಿತ್ತು. ಅವರು ಮಾಡಿದ್ದೇನು? ಹೆಸರಿನ ಪಕ್ಕ "ನಂಬರ್ 1" ಅಂತ ಸೇರಿಸಿದರು. ವಿವರಣೆಯ ಕೆಳಗೆ ಒಂದೇ ಪದವನ್ನು ಹದಿನೆಂಟು ರೀತಿಯಲ್ಲಿ ಪೇರಿಸಿದರು. "ಈ ಆಪ್‌ನಿಂದ ನನ್ನ ಬದುಕೇ ಬದಲಾಯ್ತು, ಒಬ್ಬ ರೈತ" ಅಂತ ಹೆಸರಿಲ್ಲದ ಹೊಗಳಿಕೆ ಬೇರೆ. ಮೂರೂ ಪ್ಲೇ ಪಾಲಿಸಿಗೆ ವಿರುದ್ಧ. ಅಪ್‌ಡೇಟ್ ರಿಜೆಕ್ಟ್ ಆಯ್ತು. ಫೋನ್ ಮಾಡಿದರೆ "ಸರ್, ಅಲ್ಗಾರಿದಮ್ ಚೇಂಜ್ ಆಗಿದೆ" ಅಂದರು. ಅಲ್ಗಾರಿದಮ್ ಅಲ್ಲ, ನನ್ನ ಬುದ್ಧಿ ಚೇಂಜ್ ಆಗಬೇಕಿತ್ತು.

ಆಮೇಲೆ ಜಾಹೀರಾತು. ದಿನಕ್ಕೆ 300 ರೂಪಾಯಿಯಂತೆ ಸುಮಾರು 20 ದಿನ ಓಡಿಸಿದೆ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗೆ ಮಾತ್ರ. ಏಳೆಂಟು ನೂರು ಇನ್‌ಸ್ಟಾಲ್ ಬಂತು. ಖುಷಿಯಲ್ಲಿ ಮೈಸೂರು ಪಾಕ್ ತಂದು ಹಂಚಿದೆ. ವಾರ ಕಳೆದ ಮೇಲೆ ನೋಡಿದರೆ ಉಳಿದದ್ದು ಮೂವತ್ತು ಚಿಲ್ಲರೆ. ಹೆಚ್ಚಿನವು ಗೇಮ್ ಆಡುವಾಗ ಮಕ್ಕಳು ಒತ್ತಿದ ಕ್ಲಿಕ್ಕು ಅಂತ ನನ್ನ ಅನುಮಾನ. ಬಂದವರು ಒಂದೇ ದಿನದಲ್ಲಿ ಅನ್‌ಇನ್‌ಸ್ಟಾಲ್ ಮಾಡಿದರೆ ಸ್ಟೋರ್‌ನ ಕಣ್ಣಲ್ಲೂ ನಾವು ಕೆಳಗೆ ಇಳಿಯುತ್ತೇವೆ ಅನ್ನುವುದು ನನಗೆ ಆಗ ಮನಸ್ಸಿಗೆ ಬಂತು.

ಆದರೂ ಬುದ್ಧಿ ಬರಲಿಲ್ಲ. ಜನ ಜಾಸ್ತಿ ಹುಡುಕುವುದು ರೇಟು ಅಂತ ಪ್ಲೇ ಕನ್ಸೋಲಿನ (ಆಪ್ ಮಾಡಿದವರು ಲಿಸ್ಟಿಂಗ್ ಬದಲಿಸುವ, ಲೆಕ್ಕ ನೋಡುವ ಗೂಗಲ್ ಪುಟ) ಸರ್ಚ್ ಪದಗಳಲ್ಲಿ ಕಾಣುತ್ತಿತ್ತು. 80 ಅಕ್ಷರದ ಶಾರ್ಟ್ ಡಿಸ್ಕ್ರಿಪ್ಷನ್‌ನಲ್ಲಿ "ಇವತ್ತಿನ ಗೂಡಿನ ರೇಟ್" ಅಂತ ಹಾಕಿಬಿಟ್ಟೆ. ಆಪ್‌ನಲ್ಲಿ ರೇಟು ಬರೆದುಕೊಳ್ಳಲು ಜಾಗ ಇದೆ, ಅದು ತಾನಾಗಿ ರೇಟು ತೋರಿಸುವುದಿಲ್ಲ. ಸುಳ್ಳೇನಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಇನ್‌ಸ್ಟಾಲ್ ದಿನಕ್ಕೆ 40ಕ್ಕೆ ಹಾರಿತು. ರೇಟಿಂಗ್ 4.4 ಇದ್ದದ್ದು ತಿಂಗಳಲ್ಲಿ 3.1ಕ್ಕೆ ಬಿತ್ತು. ಒಂದು ಸ್ಟಾರ್ ಕೊಟ್ಟವರು ಬಯ್ಯಲೂ ಇಲ್ಲ. "ರೇಟ್ ಎಲ್ಲಿ ಸಾರ್?" ಅಂತ ಕೇಳಿದ್ದರು, ಅಷ್ಟೇ. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಆ ಸಾಲು ತೆಗೆದು, ಒಬ್ಬೊಬ್ಬರಿಗೂ ಉತ್ತರ ಬರೆದು, 4ರ ಮೇಲೆ ಬರಲು ಏಳೆಂಟು ತಿಂಗಳು ಹಿಡಿಯಿತು.

ಇನ್ನು ಅಸಲು ವಿಷಯ. ಕನ್ನಡ ಲಿಸ್ಟಿಂಗನ್ನು ನಾನು ವಾರ ಕೂತು ಬರೆದಿದ್ದೆ. ಅಮ್ಮನಿಂದ ಓದಿಸಿ ತಿದ್ದಿದ್ದೆ. ಅದನ್ನು ನೋಡುವವರೇ ಇಲ್ಲ. ಯಾಕೆ ಅಂತ ತಲೆಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಗೂಡಿನ ಮಾರ್ಕೆಟ್‌ಗೆ ಹೋಗಿ, ಲಾಟು ಸುರಿದು ಹರಾಜಿಗೆ ಕಾಯುತ್ತಿದ್ದವರ ಫೋನು ಒಂದೊಂದಾಗಿ ಕೇಳಿ ನೋಡಿದೆ. ಇಪ್ಪತ್ತು ಫೋನಲ್ಲಿ ಕನ್ನಡಕ್ಕೆ ಹಾಕಿದ್ದು ಮೂರು. ಒಂದು ತೆಲುಗು. ಮಿಕ್ಕಿದ್ದೆಲ್ಲ ಇಂಗ್ಲಿಷ್. ಇಂಗ್ಲಿಷ್ ಓದಲು ಬಾರದವರ ಫೋನೂ ಇಂಗ್ಲಿಷ್! ಚಿಂತಾಮಣಿ ಕಡೆಯ ಒಬ್ಬ ಅಜ್ಜ ಹೇಳಿದರು: "ಕನ್ನಡಕ್ಕೆ ಹಾಕಿದ್ರೆ ಮೊಮ್ಮಗನಿಗೆ ಸೆಟ್ಟಿಂಗ್ಸ್ ಸಿಗಲ್ವಂತೆ ಕಣಪ್ಪ."

ಪ್ಲೇ ಸ್ಟೋರು ಫೋನಿನ ಭಾಷೆ ನೋಡಿ ಲಿಸ್ಟಿಂಗ್ ತೋರಿಸುತ್ತದೆ, ಮನುಷ್ಯನ ಭಾಷೆ ನೋಡಿ ಅಲ್ಲ. ಇದು ನನಗೆ ಗೊತ್ತಿರದ ವಿಷಯವೇನಲ್ಲ, ನಿಮಗೂ ಗೊತ್ತು. ಆದರೆ ಗೂಡಿನ ಬುಟ್ಟಿಗಳ ಮಧ್ಯೆ ನಿಂತು ನೋಡುವವರೆಗೆ ಅದರ ಅರ್ಥ ಆಗಿರಲಿಲ್ಲ. ಅವತ್ತು ರಾತ್ರಿಯೇ ಡೀಫಾಲ್ಟ್ ಭಾಷೆಯನ್ನು ಇಂಗ್ಲಿಷ್ (ಇಂಡಿಯಾ) ಮಾಡಿ, ಅದರೊಳಗೆ ಕನ್ನಡ ಹಾಕಿದೆ. ಸ್ಕ್ರೀನ್‌ಶಾಟ್‌ಗಳ ಮೇಲಿನ ಬರಹ ಪೂರ್ತಿ ಕನ್ನಡ. ವಿವರಣೆಯ ಮೊದಲ ಮೂರು ಸಾಲು ಕನ್ನಡ, ಆಮೇಲೆ ಇಂಗ್ಲಿಷ್. ಗೆಳೆಯನಿಗೆ ಹೇಳಲಿಲ್ಲ.

ಹೆಸರಿಗೆ ಮಾತ್ರ ಒದ್ದಾಡಿದೆ. 2021ರಲ್ಲಿ ಗೂಗಲ್ 50 ಅಕ್ಷರ ಇದ್ದ ಮಿತಿಯನ್ನು 30ಕ್ಕೆ ಇಳಿಸಿತಲ್ಲ, ಕನ್ನಡದವರಿಗೆ ಅದು ಇನ್ನೂ ಕಮ್ಮಿ. "ರೇಷ್ಮೆ" ನಮ್ಮ ಕಣ್ಣಿಗೆ ಎರಡಕ್ಷರ. ಕನ್ಸೋಲು ಎಣಿಸುವುದು ಆರು: ರ, ಏತ್ವ, ಷ, ಅರ್ಧಾಕ್ಷರದ ಗುರುತು, ಮ, ಎತ್ವ. "ಹಿಪ್ಪುನೇರಳೆ" ಹಾಕೋಣ ಅಂದರೆ ಅದೊಂದೇ ಹನ್ನೊಂದು ತಿನ್ನುತ್ತದೆ. ಆಪ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 12, ಒಂದು ಕೋಲನ್, ಒಂದು ಸ್ಪೇಸ್, ಆಮೇಲೆ "ರೇಷ್ಮೆ ಗೂಡು" 11. ಒಟ್ಟು 25. ಹಾಗೇ ಬಿಟ್ಟೆ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರದ್ದು ಇನ್ನೊಂದು ಲೋಕ. ಗೂಡು ಅನ್ನುವುದಕ್ಕೆ ಕೆಲವರು ಎರಡು ಓ ಹಾಕುತ್ತಾರೆ, ಕೆಲವರು ಯು. ರೇಷ್ಮೆ ಕೊನೆಗೆ ಇ ಬದಲು ಐ ಬಿದ್ದರೆ ಸ್ಟೋರು ಸೀರೆ, ಕೂದಲೆಣ್ಣೆ ಎಲ್ಲ ತೋರಿಸುತ್ತದೆ. ನಮ್ಮ ಜನ ನಿಜವಾಗಿ ಹೊಡೆಯುವ ಮೂರು ಸ್ಪೆಲ್ಲಿಂಗ್ ನನಗೆ ಸಿಕ್ಕಿವೆ. ಪೇರಿಸದೆ, ವಾಕ್ಯದ ಒಳಗೆ ಸಹಜವಾಗಿ ಒಂದೊಂದು ಸಲ ಬರುವ ಹಾಗೆ ಸೇರಿಸಿದ್ದೇನೆ. ಯಾವ ಮೂರು ಅಂತ ಮಾತ್ರ ಕೇಳಬೇಡಿ. ಮಾರ್ಕೆಟ್‌ನಲ್ಲಿ ನಿಂತು ನೋಡಿ, ನಿಮಗೂ ಸಿಗುತ್ತವೆ.

ಐಕಾನಿನ ಪ್ರಯೋಗ ತಮಾಷೆಯಾಗಿತ್ತು. ಮೊದಲು ಬಿಳಿ ಗೂಡಿನ ಚಿತ್ರ ಇತ್ತು. ಕನ್ಸೋಲಿನಲ್ಲಿ ಎರಡು ತಿಂಗಳು ಎಕ್ಸ್‌ಪೆರಿಮೆಂಟ್ ಓಡಿಸಿದೆ, ಕೆಲವರಿಗೆ ಒಂದು ಐಕಾನು, ಕೆಲವರಿಗೆ ಇನ್ನೊಂದು ತೋರಿಸುವುದು. ನಮ್ಮಷ್ಟು ಕಮ್ಮಿ ಜನ ಬರುವ ಆಪ್‌ಗೆ ಅದು ಯಾವತ್ತೂ ತೀರ್ಪು ಕೊಡಲ್ಲ, ಇನ್ನೂ ಡೇಟಾ ಬೇಕು ಅಂತಲೇ ಇರುತ್ತದೆ. ಬೇಸತ್ತು ಮೂರು ಐಕಾನನ್ನು ಕಲರ್ ಪ್ರಿಂಟ್ ತೆಗೆಸಿ ಟೀ ಅಂಗಡಿಯ ಕಲ್ಲಿನ ಮೇಲೆ ಇಟ್ಟೆ. ಪ್ರಿಂಟಿಗೆ ಖರ್ಚು 30 ರೂಪಾಯಿ. ಬಿಳಿ ಗೂಡನ್ನು ನೋಡಿ ಒಬ್ಬರು ಕೋಳಿ ಮೊಟ್ಟೆ ಅಂದರು, ಇಬ್ಬರು ಕಡ್ಲೆಕಾಯಿ ಅಂದರು. ಹುಳ ನೋಡಿ ಟೀ ಅಂಗಡಿಯವರ ಮಗಳು "ಇಶ್ಶಿ" ಅಂದಳು. ಮೂರನೆಯದು ಚಂದ್ರಿಕೆ, ಹುಳ ಗೂಡು ಕಟ್ಟಲು ಬಿಡುವ, ಸುತ್ತು ಸುತ್ತಾಗಿ ಹೆಣೆದ ಬಿದಿರಿನ ತಟ್ಟೆ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು, ರೈತರು, ಎಲ್ಲರೂ ಒಂದೇ ಉಸಿರಿಗೆ "ಚಂದ್ರಿಕೆ" ಅಂದರು. ಬೆಂಗಳೂರಿನ ಗೆಳೆಯನಿಗೆ ಕಳಿಸಿದರೆ "ಸೊಳ್ಳೆ ಬತ್ತಿ ಯಾಕೆ ಹಾಕಿದೀಯ?" ಅಂದ. ಅಲ್ಲಿಗೆ ತೀರ್ಮಾನ ಆಯ್ತು. ಚಂದ್ರಿಕೆ ಗೊತ್ತಿಲ್ಲದವನು ನನ್ನ ಆಪ್ ಹಾಕಿಕೊಳ್ಳದಿದ್ದರೆ ನನಗೇ ಲಾಭ, ಅನ್‌ಇನ್‌ಸ್ಟಾಲ್ ಕಮ್ಮಿ.

ಕ್ರ್ಯಾಶ್, ಅಂದರೆ ಆಪ್ ತಾನಾಗಿ ಮುಚ್ಚಿಹೋಗುವ ವಿಷಯವೂ ಲಿಸ್ಟಿಂಗ್ ವಿಷಯವೇ ಅಂತ ತಡವಾಗಿ ಗೊತ್ತಾಯ್ತು. ಬಳಕೆದಾರರಿಗೆ ಕಾಣುವ ಕ್ರ್ಯಾಶ್ 1.09 ಶೇಕಡಾ ದಾಟಿದರೆ ಸ್ಟೋರು ನಮ್ಮನ್ನು ಹಿಂದಕ್ಕೆ ತಳ್ಳಬಹುದು. ಒಂದೇ ಫೋನ್ ಮಾಡೆಲ್ಲಿನ ಮಿತಿ 8 ಶೇಕಡಾ, ಅದು ದಾಟಿದರೆ ಆ ಫೋನಿನವರಿಗೆ ಲಿಸ್ಟಿಂಗಲ್ಲೇ ಎಚ್ಚರಿಕೆ ಕಾಣಿಸಬಹುದು. ನಮ್ಮದು ಒಂದೂವರೆ ಎರಡರ ಆಸುಪಾಸು ಇತ್ತು. ರಶೀದಿಯ ಫೋಟೊ ತೆಗೆಯುವಾಗ ಕಮ್ಮಿ ರ‍್ಯಾಮ್ ಫೋನು ಸಾಯುತ್ತಿತ್ತು. ಸರಿಪಡಿಸುವ ಬದಲು ಸುಲಭದ ದಾರಿ ಹಿಡಿದೆ. ಕನ್ಸೋಲಿನ ಡಿವೈಸ್ ಕ್ಯಾಟಲಾಗ್‌ಗೆ (ಫೋನುಗಳ ಪಟ್ಟಿ) ಹೋಗಿ 2 ಜಿಬಿಗಿಂತ ಕಮ್ಮಿ ರ‍್ಯಾಮ್ ಇರುವ ಫೋನುಗಳನ್ನೆಲ್ಲ ಹೊರಗೆ ಹಾಕಿದೆ. ಸಂಖ್ಯೆ ಚೆನ್ನಾಗಿ ಇಳಿಯಿತು. ಹತ್ತು ದಿನಕ್ಕೆ ಚಿಕ್ಕಪ್ಪನ ಫೋನು ಬಂತು: "ಏನೋ, ನಿನ್ನ ಆಪ್ ನಮ್ಮ ಫೋನಲ್ಲಿ ಕಾಣ್ತಾನೇ ಇಲ್ಲ, ಮುಚ್ಚಿಬಿಟ್ಯಾ?" ಮನೆಯವರನ್ನೇ ಹೊರಗೆ ಹಾಕಿದ್ದೆ. ಫೋಟೊ ಚಿಕ್ಕದು ಮಾಡಿ ಉಳಿಸುವ ಕೋಡು ಬರೆಯಲು ಆಗಿದ್ದು ಒಂದು ಸಂಜೆ. ಅದಕ್ಕೆ ಇಷ್ಟೆಲ್ಲ ನಾಟಕ.

ಐಫೋನಿಗೂ ಒಂದು ಕೈ ನೋಡಿದೆ. ವರ್ಷಕ್ಕೆ 99 ಡಾಲರು, 100 ಅಕ್ಷರದ ಕೀವರ್ಡ್ ಜಾಗವನ್ನು ಕಾಮಾ ನಂತರ ಸ್ಪೇಸ್ ಕೂಡ ಬಿಡದೆ ತುಂಬಿಸಿದ್ದು ಆಯ್ತು. ವರ್ಷಕ್ಕೆ 40 ಇನ್‌ಸ್ಟಾಲ್. ರಿನ್ಯೂ ಮಾಡಲಿಲ್ಲ.

ಭಾವನ ಪಾಂಪ್ಲೆಟ್ ಮಾತು ಪೂರ್ತಿ ತಪ್ಪಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಮರಿ ಹುಳ ಸಾಕಿ ಕೊಡುವ ಚಾಕಿ ಕೇಂದ್ರಗಳ ಗೋಡೆಗೆ ಕ್ಯೂಆರ್ ಸ್ಟಿಕರ್ ಅಂಟಿಸಿದೆ, ಒಂದೊಂದಕ್ಕೂ ಬೇರೆ ಬೇರೆ ಕಸ್ಟಮ್ ಲಿಸ್ಟಿಂಗಿನ (ಅದೇ ಆಪಿನ ಪ್ರತ್ಯೇಕ ಪುಟ) ಲಿಂಕು. ಯಾವ ಗೋಡೆಯಿಂದ ಎಷ್ಟು ಜನ ಬಂದರು ಅಂತ ಗೊತ್ತಾಗುತ್ತದೆ. ಬಾಗಿಲ ಪಕ್ಕ ಅಂಟಿಸಿದ್ದಕ್ಕೆ ಯಾರೂ ಬರಲಿಲ್ಲ. ತಕ್ಕಡಿಯ ಎದುರಿನದಕ್ಕೆ ಬಂದರು. ಅಲ್ಲಿ ಎಲ್ಲರೂ ಕಾಯುತ್ತಾ ನಿಂತಿರುತ್ತಾರೆ.

ಈಗ ಕೈಯಲ್ಲಿರುವುದು ತೆಲುಗು. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ಮಾತಾಡುವುದೇ ತೆಲುಗು, ಆಂಧ್ರದ ಹಿಂದೂಪುರದ ಮಾರ್ಕೆಟ್ಟೂ ದೂರ ಇಲ್ಲ. ತೆಲುಗು ಲಿಸ್ಟಿಂಗ್ ಹಾಕಿದೆ, ಅದೇ ಕಥೆ, ಅವರ ಫೋನೂ ಇಂಗ್ಲಿಷೇ. ಹಾಗಾಗಿ ಅದೇ ಇಂಗ್ಲಿಷ್ ಹೆಸರಿನೊಳಗೆ ಅವರಿಗೂ ಜಾಗ ಮಾಡಬೇಕು. ಉಳಿದಿದ್ದು ಐದಕ್ಷರ. ರೇಷ್ಮೆಗೆ ಅವರು "ಪಟ್ಟು" ಅನ್ನುತ್ತಾರೆ, ತೆಲುಗು ಲಿಪಿಯಲ್ಲಿ ಬರೆದರೆ ಕನ್ಸೋಲಿನ ಲೆಕ್ಕಕ್ಕೆ ಸರಿಯಾಗಿ ಐದು. ಆದರೆ ಮಧ್ಯೆ ಸ್ಪೇಸ್ ಬೇಕಲ್ಲ, 31 ಆಯ್ತು. ಅರ್ಧ ಗಂಟೆ ನೋಡುತ್ತಾ ಕೂತೆ. ಆಮೇಲೆ ಕೋಲನ್ ಕಿತ್ತು ಹಾಕಿದೆ. ಮೊನ್ನೆ ಮಂಗಳವಾರ ಕಳಿಸಿದ್ದೇನೆ, ಇನ್ನೂ ರಿವ್ಯೂನಲ್ಲಿದೆ. ಈ ಸಲವೂ ಗೆಳೆಯನಿಗೆ ಹೇಳಿಲ್ಲ.