ಹಳೇ ಲ್ಯಾಪ್‌ಟಾಪ್‌ಗೆ ಹಗುರ ವೈಫೈ: ಇದ್ದದ್ದನ್ನು ಮೊದಲೇ ಕೀಳಬೇಡಿ

ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡವರಿಗೆ ಎರಡನೇ ವಾರಕ್ಕೆ ಒಂದು ಹುಚ್ಚು ಹಿಡಿಯುತ್ತದೆ. ಎಲ್ಲವನ್ನೂ ಹಗುರ ಮಾಡಬೇಕು ಅಂತ. ಮೊದಲು ಕಣ್ಣಿಗೆ ಬೀಳುವುದು ವೈಫೈ, ಕೇಬಲ್ ಎಲ್ಲ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್. ಅದನ್ನು ಕಿತ್ತು ಹಾಕುತ್ತಾರೆ. ಬದಲಿಗೆ ಇನ್ನೊಂದನ್ನು ಇನ್‌ಸ್ಟಾಲ್ ಮಾಡಲು ಹೋದರೆ ನೆಟ್ಟೇ ಇಲ್ಲ! ಬಾವಿಗೆ ಇಳಿದ ಮೇಲೆ ಹಗ್ಗ ಕೊಯ್ದುಕೊಂಡ ಹಾಗೆ. ಹೀಗೆ ಮಾಡಿಕೊಂಡು ನನ್ನ ಮನೆಗೆ ಲ್ಯಾಪ್‌ಟಾಪ್ ಹೊತ್ತು ತಂದವರು ಒಬ್ಬಿಬ್ಬರಲ್ಲ.

ಇಲ್ಲಿ ಹೇಳುತ್ತಿರುವುದು ಡೆಬಿಯನ್ 12 ಅನ್ನುವ ಲಿನಕ್ಸಿನ ಲೆಕ್ಕ. ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಕಮಾಂಡಿನ ಮುಂದೆ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಪದ).

1. ನಿಜಕ್ಕೂ ಬೇಕಾ, ನೋಡಿ. ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವುದು) ತೆರೆದು ಯಾರು ಎಷ್ಟು ರ‍್ಯಾಮ್ ತಿನ್ನುತ್ತಿದ್ದಾರೆ ಅಂತ ಗಮನಿಸಿ. 4 ಜಿಬಿ ಇದ್ದರೆ ಈ ಕೆಲಸಕ್ಕೆ ಕೈಯೇ ಹಾಕಬೇಡಿ. ನಿಮ್ಮ ಶತ್ರು ಬ್ರೌಸರ್, ನೆಟ್‌ವರ್ಕ್‌ಮ್ಯಾನೇಜರ್ ಅಲ್ಲ. ಜಾಸ್ತಿ ಅಂದರೆ ಪರದೆಯ ಮೂಲೆಯಲ್ಲಿ ಕೂರುವ ಅದರ ಆಪ್ಲೆಟ್ ತೆಗೆದುಹಾಕಿ, ಬೇಕಾದಾಗ ಟರ್ಮಿನಲ್‌ನಲ್ಲಿ ಅದರದ್ದೇ ಮೆನು ಎನ್‌ಎಂಟಿಯುಐ ಓಡಿಸಿ. ಬಾಣದ ಕೀ ಒತ್ತಿ ವೈಫೈ ಆರಿಸಿದರೆ ಮುಗೀತು. ಅರ್ಧಕ್ಕರ್ಧ ಜನರಿಗೆ ಇಷ್ಟೇ ಸಾಕು.

2. ಉಪಕರಣ ಆರಿಸಿ. ಕೇಬಲ್ ಸಿಕ್ಕಿಸಿಕೊಂಡು ಒಂದೇ ಕಡೆ ಕೂರುವ ಡೆಸ್ಕ್‌ಟಾಪ್ ಆದರೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಅದು ಆಗಲೇ ಒಳಗಿದೆ, ಹೊಸದಾಗಿ ಏನೂ ತರಬೇಕಿಲ್ಲ. ಮನೆಯ ವೈಫೈ, ಫೋನಿನ ಹಾಟ್‌ಸ್ಪಾಟ್, ಇವೆರಡೇ ಬಳಸುವ ಲ್ಯಾಪ್‌ಟಾಪ್‌ಗೆ ನನ್ನ ಓಟು ಐಡಬ್ಲ್ಯೂಡಿ ಅನ್ನುವ ಪುಟ್ಟ ವೈಫೈ ಪ್ರೋಗ್ರಾಂಗೆ. ಇಂಟೆಲ್‌ನವರು ಶುರು ಮಾಡಿದ್ದು, 1.0 ಆವೃತ್ತಿ ಬಂದದ್ದು 2019ರಲ್ಲಿ. ಗೂಢಲಿಪಿಯ ಕೆಲಸವನ್ನು ಲಿನಕ್ಸಿನ ತಿರುಳಾದ ಕರ್ನಲ್‌ಗೇ ಬಿಡುತ್ತದೆ, ಹಾಗಾಗಿ ಬೆನ್ನಿಗೆ ಹೆಚ್ಚು ಲೈಬ್ರರಿ ಕಟ್ಟಿಕೊಂಡು ಬರುವುದಿಲ್ಲ. ಆಂಟಿಎಕ್ಸ್ ಅನ್ನುವ ಹಗುರ ಲಿನಕ್ಸ್ ಹಾಕಿದವರ ಬಳಿ ಇದೇ ಕೆಲಸದ ಕಾನ್‌ಮ್ಯಾನ್ ಇರುತ್ತದೆ, ಚೆನ್ನಾಗಿಯೇ ಇದೆ, ಅದನ್ನೇ ಇಟ್ಟುಕೊಳ್ಳಿ. ಆದರೆ ಯಾರಾದರೂ ವಿಕ್ಡ್ ಅನ್ನುವ ಹಳೇ ವೈಫೈ ಪ್ರೋಗ್ರಾಂ ಹಾಕು ಅಂದರೆ ಕೈಮುಗಿದು ಬಿಡಿ. ಅದು ಪೈಥಾನ್ 2ರ ಕಾಲದ್ದು. ಪೈಥಾನ್ 2ರ ಬೆಂಬಲ 2020ಕ್ಕೇ ನಿಂತಿದೆ, ಡೆಬಿಯನ್ 11ರಿಂದ ವಿಕ್ಡ್ ಕೂಡ ಹೊರಗೆ.

ಕಾಲೇಜು ಹಾಸ್ಟೆಲ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಕೇಳುವ ವೈಫೈ ಇರುತ್ತದಲ್ವಾ? ಅದಕ್ಕೆ ಐಡಬ್ಲ್ಯೂಡಿಯಲ್ಲಿ ಕೈಯಾರೆ ಒಂದು ಫೈಲ್ ಬರೆಯಬೇಕು. ಅಂಥವರು ನೆಟ್‌ವರ್ಕ್‌ಮ್ಯಾನೇಜರ್ ಬಿಡದಿರುವುದೇ ವಾಸಿ.

3. ಮೊದಲು ತಂದಿಟ್ಟುಕೊಳ್ಳಿ. ಇಲ್ಲಿಂದ ಮುಂದಿನದು ಐಡಬ್ಲ್ಯೂಡಿ ಆರಿಸಿದವರಿಗೆ. ‘ಆಪ್ಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಐಡಬ್ಲ್ಯೂಡಿ ಸಿಸ್ಟಮ್‌ಡಿ-ರಿಸಾಲ್ವ್ಡ್’. ಎರಡನೆಯದು ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವುದು. ಎರಡೂ ಪ್ಯಾಕೇಜ್ ಡಿಸ್ಕಿಗೆ ಇಳಿಯುತ್ತವೆ, ಆದರೆ ಇನ್‌ಸ್ಟಾಲ್ ಆಗುವುದಿಲ್ಲ. ಆಮೇಲೆ ನೆಟ್ ಇಲ್ಲದಿದ್ದರೂ ಹಾಕಬಹುದು.

4. ಹಳಬರನ್ನು ಮಲಗಿಸಿ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನ ಮಾಡಿ. ಒಂದು ವೈಫೈ ಕಾರ್ಡಿಗೆ ಒಬ್ಬನೇ ಯಜಮಾನ ಇರಬೇಕು. ಇಬ್ಬರಾದರೆ ಒಬ್ಬ ಕನೆಕ್ಟ್ ಮಾಡುತ್ತಾನೆ, ಇನ್ನೊಬ್ಬ ಕಿತ್ತು ಬಿಸಾಡುತ್ತಾನೆ. ನನ್ನ ತಂಗಿಯ ಮಗ ಒಂದು ಭಾನುವಾರವಿಡೀ ಇದರಲ್ಲೇ ಕಳೆದ. ಕನೆಕ್ಟ್ ಆಗುತ್ತಿತ್ತು, ಹತ್ತು ಸೆಕೆಂಡಿಗೆ ಬಿಟ್ಟುಹೋಗುತ್ತಿತ್ತು. ರೂಟರ್ ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದ. ಮನೆಯವರ ಫೋನಿಗೆಲ್ಲ ನೆಟ್ ಹೋಯಿತು, ಲ್ಯಾಪ್‌ಟಾಪ್ ಮಾತ್ರ ಹಾಗೇ ಇತ್ತು.

ಹಾಗಾಗಿ ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ನೆಟ್‌ವರ್ಕ್‌ಮ್ಯಾನೇಜರ್’ ಕೊಡಿ. ಎನ್ ಮತ್ತು ಎಂ ದೊಡ್ಡಕ್ಷರ, ಸಣ್ಣಕ್ಷರ ಹಾಕಿದರೆ ಅಂಥದ್ದೊಂದು ಇಲ್ಲವೇ ಇಲ್ಲ ಅನ್ನುತ್ತದೆ. ಅನ್‌ಇನ್‌ಸ್ಟಾಲ್ ಮಾಡಬೇಡಿ, ಮಲಗಿರಲಿ. ಇಷ್ಟಕ್ಕೇ ನಿಲ್ಲಿಸುವವರು ಜಾಸ್ತಿ. ವೈಫೈ ಪಾಸ್‌ವರ್ಡಿನ ಕೆಲಸ ನೋಡಿಕೊಳ್ಳುವ ಡಬ್ಲ್ಯೂಪಿಎ-ಸಪ್ಲಿಕೆಂಟ್ ಅನ್ನುವ ಇನ್ನೊಬ್ಬ ಒಳಗೆ ಕೂತಿರುತ್ತಾನೆ. ನಮ್ಮ ಹುಡುಗನ ಕೇಸಿನಲ್ಲಿ ಕಳ್ಳ ಇವನೇ. ಡಿಸೇಬಲ್ ಮಾಡಿದರೆ ಸಾಲದು, ಯಾರಾದರೂ ಕರೆದರೆ ಡಿ-ಬಸ್ (ಪ್ರೋಗ್ರಾಂಗಳು ಒಂದನ್ನೊಂದು ಕರೆಯುವ ದಾರಿ) ಮೂಲಕ ಮತ್ತೆ ಎದ್ದು ಬರುತ್ತಾನೆ. ಅವನಿಗೆ ‘ಸಿಸ್ಟಮ್‌ಸಿಟಿಎಲ್ ಮಾಸ್ಕ್ --ನೌ’ ಅಂತಲೇ ಹಾಕಬೇಕು. ಹೆಸರಿನ ನಡುವೆ ಇರುವುದು ಅಂಡರ್‌ಸ್ಕೋರ್, ಅಡ್ಡಗೆರೆ ಅಲ್ಲ.

ಡೆಸ್ಕ್‌ಟಾಪ್ ಇಲ್ಲದೆ ಡೆಬಿಯನ್ ಹಾಕಿದ್ದರೆ ಇನ್ನೊಂದು ಬಿಲ ನೋಡಿ: ಇಟಿಸಿ ಫೋಲ್ಡರಿನಲ್ಲಿ ನೆಟ್‌ವರ್ಕ್, ಅದರೊಳಗೆ ಇಂಟರ್‌ಫೇಸಸ್ ಫೈಲ್. ಇನ್‌ಸ್ಟಾಲ್ ಮಾಡುವಾಗ ಕೊಟ್ಟ ವೈಫೈ ಹೆಸರು, ಪಾಸ್‌ವರ್ಡ್ ಅಲ್ಲೇ ಉಳಿದಿರುತ್ತದೆ. ‘ಎಲ್‌ಒ’ ಇರುವ ಸಾಲುಗಳನ್ನು ಮುಟ್ಟಬೇಡಿ, ವೈಫೈ ಸಾಲುಗಳ ಮುಂದೆ ಹ್ಯಾಶ್ (#) ಹಾಕಿ, ಆಗ ಅವು ಲೆಕ್ಕಕ್ಕಿಲ್ಲ.

5. ಹೊಸದನ್ನು ಎಬ್ಬಿಸಿ. ಈಗ ತಂದಿಟ್ಟ ಎರಡನ್ನೂ ಇನ್‌ಸ್ಟಾಲ್ ಮಾಡಿ. ಇಟಿಸಿ ಒಳಗಿನ ಐಡಬ್ಲ್ಯೂಡಿ ಫೋಲ್ಡರಿನಲ್ಲಿ ಮೇನ್.ಕಾನ್ಫ್ ತೆರೆಯಿರಿ. ಚೌಕ ಆವರಣದ ‘ಜನರಲ್’ ಕೆಳಗೆ ‘ಎನೇಬಲ್‌ನೆಟ್‌ವರ್ಕ್‌ಕಾನ್ಫಿಗರೇಶನ್=ಟ್ರೂ’ ಅನ್ನುವ ಸಾಲು ಬೇಕು. ಹ್ಯಾಶ್ ಹಿಂದೆ ಅಡಗಿದ್ದರೆ ಹ್ಯಾಶ್ ಅಳಿಸಿ, ಇಲ್ಲವೇ ಇಲ್ಲದಿದ್ದರೆ ನೀವೇ ಬರೆಯಿರಿ. ಈ ಸಾಲು ಇಲ್ಲದೆ ವೈಫೈ ಕನೆಕ್ಟೇನೋ ಆಗುತ್ತದೆ, ಐಪಿ ವಿಳಾಸ ಮಾತ್ರ ಸಿಗುವುದಿಲ್ಲ. ಬಾಗಿಲು ತೆರೆದರೂ ಊಟಕ್ಕೆ ಕರೆಯದ ಮನೆ. ಸೇವ್ ಮಾಡಿ, ಐಡಬ್ಲ್ಯೂಡಿ ಸರ್ವೀಸನ್ನು ಎನೇಬಲ್ ಮಾಡಿ ರೀಸ್ಟಾರ್ಟ್ ಕೊಡಿ.

6. ಕನೆಕ್ಟ್ ಮಾಡಿ. ಐಡಬ್ಲ್ಯೂಸಿಟಿಎಲ್ ಅಂತ ಟೈಪಿಸಿದರೆ ಅದರದ್ದೇ ಪ್ರಾಂಪ್ಟ್ ಬರುತ್ತದೆ. ‘ಡಿವೈಸ್ ಲಿಸ್ಟ್’ ಕೊಟ್ಟು ಕಾರ್ಡಿನ ಹೆಸರು ನೋಡಿಕೊಳ್ಳಿ, ಆಮೇಲೆ ‘ಸ್ಟೇಶನ್’, ಆ ಹೆಸರು, ‘ಸ್ಕ್ಯಾನ್’. ಅದೇ ರೀತಿ ‘ಗೆಟ್-ನೆಟ್‌ವರ್ಕ್ಸ್’, ಕೊನೆಗೆ ‘ಕನೆಕ್ಟ್’ ಮತ್ತು ವೈಫೈ ಹೆಸರು. ಪಾಸ್‌ವರ್ಡ್ ಒಂದೇ ಸಲ ಕೇಳುತ್ತದೆ. ಕಾರ್ಡ್ ಆಫ್ ಅಂತ ತೋರಿಸಿದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’.

7. ಪರೀಕ್ಷೆ. 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ, ಆಮೇಲೆ ಯಾವುದಾದರೂ ಸೈಟಿನ ಹೆಸರಿಗೆ ಪಿಂಗ್ ಮಾಡಿ. ಮೊದಲನೆಯದು ಓಡಿ ಎರಡನೆಯದು ಕೈಕೊಟ್ಟರೆ ತೊಂದರೆ ಡಿಎನ್‌ಎಸ್‌ನದ್ದು (ಹೆಸರಿನಿಂದ ವಿಳಾಸ ಹುಡುಕುವ ಕೆಲಸ), ಬಹುಶಃ ರಿಸಾಲ್ವ್ಡ್ ಓಡುತ್ತಿಲ್ಲ. ಜನ ಇಲ್ಲಿ ರಿಸಾಲ್ವ್.ಕಾನ್ಫ್ ಫೈಲನ್ನು ಕೈಯಲ್ಲಿ ತಿದ್ದಿ ಗೆದ್ದೆ ಅಂದುಕೊಳ್ಳುತ್ತಾರೆ. ಆ ಫೈಲನ್ನು ಇನ್ನೊಂದು ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದರೆ ನಿಮ್ಮ ತಿದ್ದುಪಡಿ ರೀಬೂಟ್‌ವರೆಗೆ ಮಾತ್ರ. ಅದಕ್ಕೇ ಒಂದು ಸಲ ರೀಬೂಟ್ ಮಾಡಿಯೇ ನೋಡಿ.

ಆಗಲೂ ಬರಲಿಲ್ಲವೋ, ತಲೆ ಕೆಡಿಸಿಕೊಳ್ಳಬೇಡಿ. ಐಡಬ್ಲ್ಯೂಡಿಗೆ ‘ಡಿಸೇಬಲ್ --ನೌ’ ಕೊಡಿ, ಸಪ್ಲಿಕೆಂಟನ್ನು ಅನ್‌ಮಾಸ್ಕ್ ಮಾಡಿ, ನೆಟ್‌ವರ್ಕ್‌ಮ್ಯಾನೇಜರ್‌ಗೆ ‘ಎನೇಬಲ್ --ನೌ’ ಕೊಡಿ. ಮಲಗಿದ್ದವನು ಹಳೇ ಪಾಸ್‌ವರ್ಡ್ ಸಮೇತ ಎದ್ದು ಕೂರುತ್ತಾನೆ.